ಕೈ ಕಟ್ಟಿದ ಮೇಲೂ ಬಳೆ ಹಗ್ಗಕ್ಕೆ ಬೀಳುವುದು ಹೇಗೆ?

ಓದುಗರ ಪ್ರಶ್ನೆ: ಜಾದೂಗಾರನ ಎರಡೂ ಮಣಿಕಟ್ಟಿಗೆ ಒಂದೇ ಹಗ್ಗದ ಎರಡು ತುದಿಗಳನ್ನು ಕಟ್ಟಿರುತ್ತಾರೆ. ಗಂಟು ಹಾಕಿದವರು ಸಭೆಯವರೇ. ಬಳೆ ಇಸಿದುಕೊಂಡು ಬೆನ್ನು ತಿರುಗಿಸಿದವನು ಈ ಕಡೆ ತಿರುಗುವಷ್ಟರಲ್ಲಿ ಬಳೆ ಹಗ್ಗದ ನಡುವೆ ನೇತಾಡುತ್ತಿರುತ್ತದೆ. ಬಳೆಯನ್ನು ಎಲ್ಲಿ ಕತ್ತರಿಸಿರುತ್ತಾರೆ? ಅಂಥ ಬಳೆ ಎಲ್ಲಿ ಸಿಗುತ್ತದೆ?

ಎಲ್ಲೂ ಕತ್ತರಿಸಿರುವುದಿಲ್ಲ. ಅಂಥ ಬಳೆ ಹುಡುಕುತ್ತಾ ಅಲೆಯಬೇಡಿ.

ಈ ಪ್ರಶ್ನೆ ಬಗೆಬಗೆಯ ವೇಷದಲ್ಲಿ ಬರುತ್ತಲೇ ಇರುತ್ತದೆ. ಬಳೆಗೆ ಸ್ಪ್ರಿಂಗ್ ಇದೆಯೇ, ಅಯಸ್ಕಾಂತ ಇದೆಯೇ, ಕಣ್ಣಿಗೆ ಕಾಣದ ಕೀಲು ಇದೆಯೇ? ಉತ್ತರ ಹೇಳಿದ ಮೇಲೂ "ಸರಿ, ಆದರೆ ಬಿರುಕು ಯಾವ ಕಡೆ?" ಎಂದು ಮತ್ತೆ ಅಲ್ಲಿಗೇ ಬರುತ್ತಾರೆ. ಹಾಗಾಗಿ ಬಿರುಕಿನ ಮಾತನ್ನು ಮೊದಲು ಬುಡಸಮೇತ ಕಿತ್ತುಹಾಕೋಣ. ಅದು ತಲೆಯಲ್ಲಿ ಉಳಿದಿದ್ದರೆ ಮುಂದೆ ಹೇಳುವ ಯಾವುದೂ ಕೈಗೆ ಹತ್ತುವುದಿಲ್ಲ.

ಪ್ರದರ್ಶನಕ್ಕೆ ಬಳಸುವ ಹಗ್ಗ ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ. ಅದು ಬಿರುಕಿನಲ್ಲಿ ತೂರಬೇಕಾದರೆ ಬಳೆ ಅಷ್ಟು ಬಾಯಿ ತೆರೆಯಬೇಕು, ಮರುಕ್ಷಣವೇ ಗುರುತು ಸಿಗದಂತೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡಿತು ಎಂದೇ ಇಟ್ಟುಕೊಳ್ಳಿ. ಕೂದಲೆಳೆಯಷ್ಟು ಗೀಟು ಉಳಿದಿದ್ದರೂ ಉಗುರು ಆಡಿಸಿದಾಗ ತಗಲುತ್ತದೆ, ನೂಲಿನ ಹಗ್ಗದ ಮೇಲೆ ಜಾರಿಸಿದಾಗ ಎಳೆ ಸಿಕ್ಕಿಕೊಳ್ಳುತ್ತದೆ. ದಾರಕ್ಕೆ ತೂಗುಹಾಕಿ ಚಮಚದಿಂದ ತಟ್ಟಿದರೆ ಸದ್ದೇ ಬೇರೆ. ಈ ಬಳೆಯನ್ನು ಮೊದಲೂ ಕೊನೆಗೂ ಸಭೆಯ ಕೈಗೆ ಕೊಡುತ್ತಾರೆ. ಸಭೆಯಲ್ಲಿ ಬಳೆ ತೊಟ್ಟೇ ಬೆಳೆದ ಹೆಂಗಸರು ಇರುತ್ತಾರೆ, ಅವರ ಬೆರಳಿಗೆ ಸೀಳು ಬಳೆ ಗೊತ್ತಾಗದೆ ಇರುವುದಿಲ್ಲ. ಅಯಸ್ಕಾಂತದ ಮಾತು ಇನ್ನೂ ಬೇಗ ಮುಗಿಯುತ್ತದೆ: ಹಿತ್ತಾಳೆ ಬಳೆಯಲ್ಲೂ ಈ ಆಟ ನಡೆಯುತ್ತದೆ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಇದೂ ಸಾಲದಿದ್ದರೆ ಮನೆಯಲ್ಲಿರುವ ಒಂದು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಎಡ ಮಣಿಕಟ್ಟಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಿರಿ. ಕೆಳಗೆ ಬರೆದಿರುವ ಹಾಗೆ ಬ್ಯಾಂಡನ್ನು ದಾರಕ್ಕೆ ಏರಿಸಿ. ನಿಮ್ಮ ಕೈಯಲ್ಲೇ ಅದು ದಾರದಲ್ಲಿ ಬಂದು ನಿಂತಾಗ ಬಿರುಕು ಎಲ್ಲಿತ್ತು ಎಂದು ನೀವೇ ಹುಡುಕಿ ನೋಡಿ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದಕ್ಕೂ ಕಾರಣ ಇದೆ. ಚೈನೀಸ್ ರಿಂಗ್ಸ್ ಎಂಬ ದೊಡ್ಡ ಉಕ್ಕಿನ ಬಳೆಗಳ ಆಟದ ಪೆಟ್ಟಿಗೆ ಎಷ್ಟೋ ಮನೆಗಳ ಮಕ್ಕಳ ಕೈಗೆ ಸಿಕ್ಕಿದೆ, ಅದರಲ್ಲಿ ಒಂದು ಬಳೆಗೆ ಬಾಯಿ ಇರುವುದನ್ನು ಅವರು ಕಂಡಿದ್ದಾರೆ. ಅಂದಿನಿಂದ ಬಳೆ ಕಂಡಲ್ಲೆಲ್ಲ ಬಾಯಿ ಹುಡುಕುವುದೇ ಅಭ್ಯಾಸ. ಆದರೆ ಆ ಆಟದಲ್ಲೂ ಎಂಟು ಬಳೆಗಳ ಹಳೆಯ ಜೋಡಣೆಯನ್ನು ಬಿಚ್ಚಿ ನೋಡಿ: ಬಾಯಿ ಇರುವುದು ಒಂದಕ್ಕೆ ಮಾತ್ರ. ಎರಡು ಬಿಡಿ ಬಳೆಗಳು, ಎರಡರದು ಒಂದು ಸರಪಳಿ, ಮೂರರದು ಇನ್ನೊಂದು ಸರಪಳಿ, ಎಲ್ಲವೂ ಇಡಿಯಾದ ಬಳೆಗಳೇ. ಏಳು ಗಟ್ಟಿ ಬಳೆಗಳನ್ನು ಯಾವಾಗ, ಯಾರ ಕೈಗೆ, ಯಾವ ಕ್ರಮದಲ್ಲಿ ಕೊಡಬೇಕು ಎಂಬುದರಲ್ಲೇ ಆ ಆಟದ ವಿದ್ಯೆ ಇದೆ. ಅದು ಬೇರೆ ಆಟ. ಹಗ್ಗದ ಆಟಕ್ಕೂ ಅದಕ್ಕೂ ಬಳೆ ಎಂಬ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ.

ಹಾಗಾದರೆ ಬಳೆ ಒಳಗೆ ಬಂದದ್ದು ಎಲ್ಲಿಂದ? ಹಗ್ಗ, ಎರಡು ತೋಳು, ಎದೆ, ಇಷ್ಟೂ ಸೇರಿ ಒಂದು ಮುಚ್ಚಿದ ಉಂಗುರವಾಯಿತು ಎಂದು ನೋಡುವವರು ತಿಳಿಯುತ್ತಾರೆ. ತಿಳಿದದ್ದು ಸರಿಯೇ. ಆದರೆ ಆ ಉಂಗುರದಿಂದ ಹೊರಗೆ ಚಾಚಿಕೊಂಡಿರುವ ಅಂಗೈ, ಬೆರಳುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಗ್ಗ ಚರ್ಮಕ್ಕೆ ಅಂಟಿಲ್ಲ, ಮಣಿಕಟ್ಟನ್ನು ಸುತ್ತಿಕೊಂಡಿದೆ ಅಷ್ಟೇ. ಸಂದು ಇದೆ, ಖಂಡಿತ ಇದೆ. ಅದು ಬಳೆಯಲ್ಲಿಲ್ಲ, ಹಗ್ಗಕ್ಕೂ ಮಣಿಕಟ್ಟಿಗೂ ನಡುವೆ ಇದೆ. ಸಭೆಯವರು ತಮ್ಮ ಕೈಯಾರೆ ಗಂಟು ಹಾಕಿ ಆ ಸಂದನ್ನು ಮಾಡಿಕೊಟ್ಟಿರುತ್ತಾರೆ.

ಈಗ ಮಾಡುವ ಬಗೆ. ಮಣಿಕಟ್ಟನ್ನು ಸುತ್ತಿದ ಹಗ್ಗವನ್ನು ಸುತ್ತು ಎಂದು ಕರೆಯೋಣ. ಬಳೆಯನ್ನು ಬಲಗೈಯಲ್ಲಿ ಹಿಡಿದು, ಮಾಮೂಲಿಯಾಗಿ ತೊಡುವ ಹಾಗೆ ಎಡಗೈಗೆ ತೊಡಿಸಿ. ಉದ್ದದ ಹಗ್ಗ ಬಳೆಯ ಹೊರಗೇ ಇರಲಿ. ಬಳೆ ಸುತ್ತಿನ ಹತ್ತಿರ ಬಂದಾಗ ಅದನ್ನು ಸುತ್ತಿನ ಅಡಿಯಿಂದ, ಅಂದರೆ ಹಗ್ಗಕ್ಕೂ ಚರ್ಮಕ್ಕೂ ನಡುವಿನಿಂದ ತೂರಿಸಿ ಮೊಣಕೈ ಕಡೆಗೆ ದಾಟಿಸಿ. ಆಮೇಲೆ ಅದೇ ಬಳೆಯನ್ನು ಸುತ್ತಿನ ಮೇಲಿನಿಂದ, ಗಂಟನ್ನೂ ದಾಟಿಸಿ ಬೆರಳುಗಳ ಕಡೆಗೆ ಎಳೆದು ಕೈಯಿಂದ ಹೊರಗೆ ತೆಗೆಯಿರಿ. ಹೊರಗೆ ಬರುವಾಗ ಹಗ್ಗ ತಾನಾಗಿಯೇ ಬಳೆಯ ಒಳಗೆ ಸೇರಿರುತ್ತದೆ. ಕೈ ಕೆಳಗಿಳಿಸಿ, ಬಳೆ ಹಗ್ಗದ ನಡುವಿಗೆ ಜಾರುತ್ತದೆ. ಹೋಗುವಾಗ ಹಗ್ಗದ ಕೆಳಗೆ, ಬರುವಾಗ ಹಗ್ಗದ ಮೇಲೆ. ಇದಿಷ್ಟು ನೆನಪಿದ್ದರೆ ಸಾಕು. ಹೋಗುವಾಗಲೂ ಕೆಳಗೆ, ಬರುವಾಗಲೂ ಕೆಳಗೆ ಬಂದರೆ ಬಳೆ ಬರಿಗೈಯಲ್ಲೇ ಉಳಿಯುತ್ತದೆ. ಹೊಸಬರ ಬಳೆ ಹಗ್ಗಕ್ಕೆ ಬೀಳದಿದ್ದರೆ ಮೊದಲು ಇದನ್ನೇ ನೋಡಿಕೊಳ್ಳಬೇಕು. ಬಳೆಯನ್ನು ಬಿಡಿಸಬೇಕಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಅಡಿಯಿಂದ ತೂರಿಸುವ ಹಂತದಲ್ಲಿ ಬಳೆಯನ್ನು ಬಲವಂತವಾಗಿ ದೂಡಬೇಡಿ. ಬಲ ಹೆಬ್ಬೆರಳಿನಿಂದ ಸುತ್ತನ್ನು ಎತ್ತಿ, ಬಳೆಯ ಮೇಲಿನಿಂದ ಬೆರಳುಗಳ ಕಡೆಗೆ ಎಳೆದುಕೊಳ್ಳಿ. ನಾಡಿ ಹಿಡಿಯುವ ಮೆತ್ತನೆಯ ಜಾಗದಿಂದ ಶುರು ಮಾಡಿ, ಮೂಳೆಯ ಗುಬುಟು ಇರುವ ಕಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕೈ ಪಳಗಿದರೆ ಎಲ್ಲ ಸೇರಿ ಆರೇಳು ಸೆಕೆಂಡಿನ ಕೆಲಸ. ಅದಕ್ಕಿಂತ ಬೇಗ ಮಾಡಿ ಗಳಿಸುವುದೇನೂ ಇಲ್ಲ, ಬೆನ್ನು ತಿರುಗಿಸಿ ಹತ್ತು ಸೆಕೆಂಡ್ ನಿಂತರೂ ಯಾರೂ ಬೇಸರಿಸುವುದಿಲ್ಲ. ಮೊಣಕೈ ಮಾತ್ರ ಮೈಗೆ ಒತ್ತಿಕೊಂಡಿರಲಿ. ಹಿಂದಿನಿಂದ ನೋಡುವವರಿಗೆ ಮೊಣಕೈ ಕುಣಿಯುವುದು ಕಂಡರೆ ಒಳಗೆ ಏನೋ ಹೆಣಗಾಟ ನಡೆದಿದೆ ಎಂದು ಗೊತ್ತಾಗುತ್ತದೆ. ಪೆಂಡಾಲಿನಲ್ಲಿ ಸುತ್ತಲೂ ಜನ ಇದ್ದರೆ ತಿರುಗಿ ನಿಲ್ಲಲು ದಿಕ್ಕೇ ಇರುವುದಿಲ್ಲ, ಆಗ ಕೈಗಳ ಮೇಲೆ ಒಂದು ಟವೆಲ್ ಹಾಕಿಸಿಕೊಳ್ಳಿ.

ಬಳೆಯ ಅಳತೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಬಳೆ ಅಂಗಡಿಯ ಲೆಕ್ಕ ನಿಮಗೆ ಗೊತ್ತೇ ಇದೆ: ಎರಡು-ಆರು ಅಂದರೆ ಒಳಅಳತೆ ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರರಲ್ಲಿ ಆರು ಭಾಗ, ಸುಮಾರು 60 ಮಿಲಿಮೀಟರ್. ಎರಡು-ಎಂಟು 63.5, ಎರಡು-ಹತ್ತು ಸುಮಾರು 67, ಎರಡು-ಹನ್ನೆರಡು ಸುಮಾರು 70. ನಿಮ್ಮ ಕೈಗೆ ಸರಿಯಾಗಿ ಕೂರುವ ಅಳತೆಗಿಂತ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ಬಳೆ ಹೊರಗೆ ಬರುವಾಗ ಅದರೊಳಗೆ ಕೈಯ ಜೊತೆ ಹಗ್ಗವೂ ಇರುತ್ತದಲ್ಲ. ಹೆಬ್ಬೆರಳ ಗೆಣ್ಣಿನ ಹತ್ತಿರ ಸಿಕ್ಕಿಕೊಂಡರೆ ಹಗ್ಗವನ್ನು ಅಂಗೈಯ ಗುಳಿಗೆ ಸರಿಸಿ, ಸಲೀಸಾಗಿ ಬರುತ್ತದೆ. ಬಳೆಯ ದಪ್ಪ 2 ಮಿಲಿಮೀಟರ್ ಮೀರದಿರಲಿ. ಕಲ್ಲು ಕೂರಿಸಿದ್ದು, ಗೆಜ್ಜೆ ಇರುವುದು ಬೇಡ. ಗಾಜಿನ ಬಳೆಯನ್ನಂತೂ ಮುಟ್ಟಲೇಬೇಡಿ, ಸುತ್ತಿನ ಅಡಿಯಲ್ಲಿ ಒಡೆದರೆ ಚೂರು ನಾಡಿಯ ಮೇಲೇ ಕೂರುತ್ತದೆ.

ಹಗ್ಗ ಮೆತ್ತನೆಯ ನೂಲಿನದಾಗಿರಲಿ, ಒಂದೂವರೆ ಮೀಟರ್ ಉದ್ದ. ಎರಡು ಕೈಗಳ ನಡುವೆ 60 ಸೆಂಟಿಮೀಟರ್ ಉಳಿಯಬೇಕು, ಮಿಕ್ಕದ್ದು ಸುತ್ತಿಗೂ ಗಂಟಿಗೂ. ನಡುವೆ 30 ಸೆಂಟಿಮೀಟರಿಗಿಂತ ಕಡಿಮೆಯಾದರೆ ಬಲಗೈಗೆ ಕೆಲಸ ಮಾಡಲು ಜಾಗವೇ ಇರುವುದಿಲ್ಲ. ಹೊಸ ಹಗ್ಗದ ಒಳಗೆ ಬಿರುಸಾದ ತಿರುಳು ಇದ್ದರೆ ಅದನ್ನು ಎಳೆದು ತೆಗೆಯಿರಿ. ನೈಲಾನ್ ಹಗ್ಗದ ಗಂಟು ಜಾರುತ್ತದೆ, ಸುತ್ತು ಗಟ್ಟಿ ತಂತಿಯ ಹಾಗೆ ನಿಂತು ಬಳೆಗೆ ದಾರಿ ಬಿಡುವುದಿಲ್ಲ. ಲಂಗದ ಲಾಡಿ ಅಭ್ಯಾಸಕ್ಕೆ ಚೆನ್ನ, ವೇದಿಕೆಯಿಂದ ದೂರಕ್ಕೆ ಕಾಣುವುದಿಲ್ಲ.

ಗಂಟು ಹಾಕಲು ಬಂದವರು ಉತ್ಸಾಹದಲ್ಲಿ ಬಿಗಿದೇ ಬಿಗಿಯುತ್ತಾರೆ. ಕಟ್ಟುವಾಗ ಮುಷ್ಟಿ ಬಿಗಿಹಿಡಿದು, ಮಣಿಕಟ್ಟನ್ನು ತುಸು ಬಾಗಿಸಿಕೊಂಡಿರಿ. ಆಮೇಲೆ ಕೈ ಸಡಿಲಿಸಿದಾಗ ಬೇಕಾದಷ್ಟು ಜಾಗ ಸಿಗುತ್ತದೆ. "ಗಂಟು ಎಷ್ಟು ಬೇಕಾದರೂ ಹಾಕಿ, ರಕ್ತ ಓಡಾಡಲು ಒಂದು ಬೆರಳಿನಷ್ಟು ಜಾಗ ಬಿಡಿ" ಎಂದು ನೇರವಾಗಿ ಕೇಳಿದರೂ ಯಾರಿಗೂ ಅನುಮಾನ ಬರುವುದಿಲ್ಲ. ವಾಚು, ರಾಖಿ, ಕಂಕಣದ ದಾರ ಮೊದಲೇ ತೆಗೆದಿಡಿ. ಅರ್ಧ ತೋಳಿನ ಅಂಗಿ ಹಾಕಿಕೊಳ್ಳಿ, ತೋಳಿನೊಳಗೆ ಇನ್ನೊಂದು ಬಳೆ ಇತ್ತು ಎನ್ನುವ ಮಾತಿಗೆ ಆಸ್ಪದವೇ ಇರುವುದಿಲ್ಲ. ಜೋಡಿ ಬಳೆಯಲ್ಲಿ ಒಂದನ್ನು ತೋಳಿನಲ್ಲಿ ಬಚ್ಚಿಟ್ಟು ಆಡುವ ವಿಧಾನವೂ ಇದೆ, ಆದರೆ ಅದರಲ್ಲಿ ಗುರುತು ಮಾಡಿದ ಬಳೆ ಬಳಸಲಾಗದು. ಇಲ್ಲಿ ಬಳೆಯನ್ನು ಸಭೆಯಿಂದಲೇ ಎರವಲು ಪಡೆದು, ಕೊಟ್ಟವರ ಕೈಯಿಂದಲೇ ಅದಕ್ಕೊಂದು ಕೆಂಪು ನೂಲು ಕಟ್ಟಿಸಬಹುದು. ಅಷ್ಟು ಮಾಡಿದರೆ ಬಿರುಕಿನ ಮಾತೂ ಇಲ್ಲ, ಜೋಡಿಯ ಮಾತೂ ಇಲ್ಲ.

ಇಲ್ಲಿಯವರೆಗೆ ಬಂದವರಿಗೆ ಇನ್ನೊಂದು ಪ್ರಶ್ನೆ ಹುಟ್ಟಬೇಕು, ಯಾರೂ ಕೇಳಿಲ್ಲದಿದ್ದರೂ ಹೇಳಿಬಿಡುತ್ತೇನೆ. ತುದಿಗಳು ನಿಮ್ಮ ಕೈಯಲ್ಲಿ ಇಲ್ಲದೆ, ಸಭೆಯ ಇಬ್ಬರ ಕೈಯಲ್ಲಿದ್ದಾಗ ಬಳೆಯನ್ನು ಹಗ್ಗದಿಂದ ಕಳಚುವುದು ಹೇಗೆ? ಅಲ್ಲಿ ಮಣಿಕಟ್ಟಿನ ಸಂದು ಸಿಗುವುದಿಲ್ಲ. ಇದಕ್ಕೆ ಬಹಳ ಹಳೆಯ ಉಪಾಯವಿದೆ. ದಾರದ ತುದಿ ಬಿಡದೆ ಮಣಿಗಳನ್ನು ಕಳಚುವ ಬಗೆ 1584ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಅಚ್ಚಾಗಿದೆ. ಮಾಟದ ಹೆಸರಿನಲ್ಲಿ ಜನರನ್ನು ಹಿಂಸಿಸುವುದನ್ನು ವಿರೋಧಿಸಿ ಬರೆದ ಪುಸ್ತಕದಲ್ಲಿ, ಇವೆಲ್ಲ ಬರೀ ಕೈಯ ಕೆಲಸ ಎಂದು ತೋರಿಸಲು ಅದನ್ನು ಸೇರಿಸಿದ್ದರು.

4 ಮಿಲಿಮೀಟರ್ ದಪ್ಪದ, ಎರಡೆರಡು ಮೀಟರ್ ಉದ್ದದ ಎರಡು ಹಗ್ಗ ತೆಗೆದುಕೊಂಡು ಎರಡನ್ನೂ ನಡುವಿಗೆ ಮಡಚಿ. ಮಡಿಕೆಗಳನ್ನು ಮುಖಾಮುಖಿ ಇಟ್ಟು, ಹಗ್ಗದ ಬಣ್ಣದ ಹೊಲಿಗೆ ನೂಲಿನಿಂದ ಎರಡು ಸುತ್ತು ಹಾಕಿ ಕೂಡಿಸಿ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ 5 ಸೆಂಟಿಮೀಟರ್ ತುಂಡಿಗೆ ಬಣ್ಣ ಹಚ್ಚಿ, ಕೂಡಿಕೆ ಮುಚ್ಚುವಂತೆ ಅದರೊಳಗೆ ಎಳೆದುಕೊಳ್ಳಿ. ಪೈಪಿನ ಎರಡು ಪಕ್ಕಕ್ಕೂ ಒಂದೊಂದು ಬಳೆಯನ್ನು ಎರಡೆಳೆಯ ಮೇಲೆ ಪೋಣಿಸಿ. ಈಗ ಎಡದಲ್ಲಿ ಎರಡು ತುದಿ, ಬಲದಲ್ಲಿ ಎರಡು ತುದಿ. ಎರಡು ಹಗ್ಗ ಆಚೆಯಿಂದ ಈಚೆಗೆ ಹಾದು ಹೋಗಿವೆ ಎಂದೇ ನೋಡುವವರು ತಿಳಿಯುತ್ತಾರೆ, ನಿಜದಲ್ಲಿ ಒಂದೊಂದು ಹಗ್ಗವೂ ತನ್ನ ಪಕ್ಕದಲ್ಲೇ ಮಡಚಿಕೊಂಡಿದೆ. ಪ್ರತಿ ಪಕ್ಕದಿಂದ ಒಂದೊಂದೇ ತುದಿ ತೆಗೆದು, ಪೈಪು ಬಳೆಗಳ ಮೇಲೆ ಒಂದು ಅರ್ಧ ಗಂಟು ಹಾಕಿ, ಆ ತುದಿಗಳನ್ನು ಎದುರು ಪಕ್ಕದವರಿಗೆ ಕೊಡಿ. ಒಟ್ಟಿಗೆ ಎಳೆಯಲು ಹೇಳಿ. ನೂಲು ಹರಿಯುತ್ತದೆ, ಎರಡು ಹಗ್ಗವೂ ನೇರವಾಗಿ ನಿಲ್ಲುತ್ತವೆ, ಬಳೆ ಪೈಪು ಎಲ್ಲ ಕೆಳಗೆ.

ಕೆಡುವುದು ಎರಡೇ ಕಡೆ. ಗಂಟಿಗೆ ಒಂದೇ ಪಕ್ಕದ ಎರಡು ತುದಿ ತೆಗೆದುಕೊಂಡರೆ ಹಗ್ಗ ಅದಲುಬದಲಾಗುವುದಿಲ್ಲ, ನೂಲು ಹರಿದೊಡನೆ ಮಡಿಕೆಗಳು ಬೇರೆಬೇರೆಯಾಗಿ ಗುಟ್ಟು ಬಯಲಾಗುತ್ತದೆ. ಇನ್ನೊಂದು ನೂಲಿನದು. ಪಾಲಿಯೆಸ್ಟರ್ ನೂಲು ಹಾಕಿದರೆ ಎಳೆಯುವವರು ಜೋಲಿ ಹೊಡೆದರೂ ಹರಿಯುವುದಿಲ್ಲ, ಹತ್ತಿ ನೂಲೇ ಬೇಕು. ಬಹಳ ಹಳೆಯ ನೂಲಾದರೆ ಗಂಟು ಹಾಕುವಾಗಲೇ ತುಂಡಾಗುತ್ತದೆ. ಪ್ರದರ್ಶನದ ದಿನ ಬೆಳಿಗ್ಗೆ ಅದೇ ಉಂಡೆಯ ನೂಲಿನಲ್ಲಿ ಒಂದು ಸಲ ಎಳೆದು ನೋಡಿಕೊಳ್ಳಿ. ಕೆಳಗೆ ಒಂದು ಸ್ಟೀಲ್ ತಟ್ಟೆ ಇಡಿ, ಬಳೆ ಬಿದ್ದ ಸದ್ದು ಹಿಂದಿನ ಸಾಲಿನವರಿಗೂ ಕೇಳಬೇಕು.