ಬುಧ ಸಂಕ್ರಮಣಕ್ಕೆ ಗ್ರಹಣದ ಕನ್ನಡಕ ಸಾಲದು

2032ರ ನವೆಂಬರ್ 13, ಶನಿವಾರ ಬುಧ ಸಂಕ್ರಮಣ: ಬುಧಗ್ರಹ ಸೂರ್ಯನ ಮುಂದೆ ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋಗುತ್ತಾನೆ. ಮಧ್ಯಾಹ್ನ 12:11ರ ಸುಮಾರಿಗೆ ಬುಧ ಸೂರ್ಯಬಿಂಬದ ಪೂರ್ವ ಅಂಚನ್ನು ಮುಟ್ಟುತ್ತಾನೆ, ಸಂಜೆ 4:37ರ ಹೊತ್ತಿಗೆ ಪಶ್ಚಿಮದ ಕಡೆಯಿಂದ ಪೂರ್ತಿ ಹೊರಬೀಳುತ್ತಾನೆ. ಊರಿಂದೂರಿಗೆ ನಿಮಿಷದಷ್ಟು ಹೆಚ್ಚುಕಮ್ಮಿ ಆದೀತು. 2016ರ ಮೇ 9ರ ಸಂಕ್ರಮಣ ನಮಗೆ ಸಂಜೆಯ ಸ್ವಲ್ಪ ಹೊತ್ತು ಮಾತ್ರ ಸಿಕ್ಕಿತ್ತು. 2019ರದ್ದು ಶುರುವಾಗುವ ಮೊದಲೇ ಕರ್ನಾಟಕದಲ್ಲಿ ಸೂರ್ಯ ಮುಳುಗಿದ್ದ. ಈ ಸಲ ಇಡೀ ನಾಲ್ಕೂವರೆ ಗಂಟೆ ನಮ್ಮ ಹಗಲಿನಲ್ಲೇ ಇದೆ.

2012ರಲ್ಲಿ ಶುಕ್ರ ಸಂಕ್ರಮಣವನ್ನು ಗ್ರಹಣದ ಕನ್ನಡಕದಲ್ಲೇ ನೋಡಿದವರು ಇಲ್ಲೂ ಅದೇ ಸಾಕೆಂದುಕೊಳ್ಳುತ್ತಾರೆ. ಸಾಲದು. ಶುಕ್ರನ ಬಿಂಬ ಅಂದು ಸುಮಾರು 58 ಆರ್ಕ್ ಸೆಕೆಂಡ್ ಇತ್ತು (ಒಂದು ಡಿಗ್ರಿಯ 3600ನೇ ಒಂದು ಪಾಲೇ ಒಂದು ಆರ್ಕ್ ಸೆಕೆಂಡ್). ನವೆಂಬರಿನ ಸಂಕ್ರಮಣದಲ್ಲಿ ಬುಧನದು ಬರೀ 10. ಬರಿಗಣ್ಣಿಗೆ 60ರ ಆಸುಪಾಸು ಬೇಕು. ಸೂಜಿರಂಧ್ರದ ಪೆಟ್ಟಿಗೆಯೂ ಕೆಲಸಕ್ಕೆ ಬಾರದು: ಒಂದು ಮೀಟರ್ ದೂರದಲ್ಲಿ ಸೂರ್ಯನ ಬಿಂಬ 9 ಮಿಲಿಮೀಟರ್, ಅದರ ಮೇಲೆ ಬುಧ 0.05 ಮಿಲಿಮೀಟರ್, ರಂಧ್ರದ ಮಸುಕೇ ಅದಕ್ಕಿಂತ ದೊಡ್ಡದು. ಕನಿಷ್ಠ 60 ಮಿ.ಮೀ. ಮಸೂರದ ಟೆಲಿಸ್ಕೋಪ್, 50ರಿಂದ 100 ಪಟ್ಟು ವರ್ಧನೆ ಬೇಕೇ ಬೇಕು.

ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂದೆ, ಬೆಳಕು ಒಳಗೆ ಬರುವ ಮೊದಲೇ. ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ (ಕಣ್ಣಿಡುವ ಕಡೆಯ ಮಸೂರಕ್ಕೆ) ತಿರುಪಿ ಹಾಕುವ ಚಿಕ್ಕ ಕಪ್ಪು ಗಾಜು ಬರುತ್ತದಲ್ಲ, ಅದನ್ನು ಇಂದೇ ಎಸೆದುಬಿಡಿ. ಮಸೂರ ಒಟ್ಟುಗೂಡಿಸಿದ ಶಾಖಕ್ಕೆ ಅದು ಕಾದು ಒಡೆಯುತ್ತದೆ. ಆಗ ಕಣ್ಣು ಐಪೀಸಿನಲ್ಲೇ ಇರುತ್ತದೆ. ಎಕ್ಸ್‌ರೇ ಫಿಲ್ಮ್, ಸಿ.ಡಿ., ಚಿಪ್ಸ್ ಪೊಟ್ಟಣದ ಹಾಳೆ ಯಾವುದೂ ಬೇಡ. ಕಣ್ಣಿಗೆ ಕತ್ತಲೆಯಾಗಿ ಕಂಡರೂ ಅವು ಅವಕೆಂಪು ಕಿರಣವನ್ನು ತಡೆಯುತ್ತವೆಂಬ ಖಾತ್ರಿ ಇಲ್ಲ.

ಸೋಲಾರ್ ಫಿಲ್ಮ್ ಕೊಳ್ಳುವಾಗ ಸಾಂದ್ರತೆ 5 ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಅದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. 3.8ರದ್ದು ಕ್ಯಾಮೆರಾಕ್ಕೆ ಮಾತ್ರ, ಕಣ್ಣಿಟ್ಟು ನೋಡಲು ಅಲ್ಲ. ಎ4 ಅಳತೆಯ ಒಂದು ಹಾಳೆಯಲ್ಲಿ 80 ಮಿ.ಮೀ. ಟೆಲಿಸ್ಕೋಪಿಗೆ ಎರಡು ಫಿಲ್ಟರ್ ಆಗುತ್ತವೆ. ದಪ್ಪ ರಟ್ಟಿನಲ್ಲಿ ಎರಡು ಉಂಗುರ ಕತ್ತರಿಸಿ, ನಡುವೆ ಫಿಲ್ಮ್ ಇಟ್ಟು ಡಬಲ್ ಸೈಡ್ ಟೇಪಿನಿಂದ ಅಂಟಿಸಿ. ತಬಲದ ಚರ್ಮದಂತೆ ಬಿಗಿಯಾಗಿ ಎಳೆಯಬೇಡಿ. ಎಳೆದರೆ ಬಿಂಬ ಕೆಡುತ್ತದೆ, ಸಣ್ಣ ಸುಕ್ಕುಗಳಿದ್ದರೆ ಏನೂ ಆಗದು. ಹಿಂಬದಿಗೆ ಕೊಳವೆಯ ಹೊರಮೈಗೆ ಕೂರುವಂತೆ ಐದಾರು ಸೆಂಟಿಮೀಟರ್ ಉದ್ದದ ರಟ್ಟಿನ ಕಾಲರ್. ಅಂದು ಬೆಳಿಗ್ಗೆ ಬಲ್ಬಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಫಿಲ್ಟರ್ ಬೇಡ. ಹಾಕಿದ ಮೇಲೆ ಕೊಳವೆಗೆ ಮೂರು ಕಡೆ ಟೇಪ್ ಸುತ್ತಿ, ಮಧ್ಯಾಹ್ನದ ಗಾಳಿಗೆ ಹಾರದಂತೆ. ಫೈಂಡರಿನ (ಗುರಿಯಿಡಲು ಕೊಳವೆಯ ಮೇಲೆ ಕೂರಿಸಿದ ಪುಟ್ಟ ದೂರದರ್ಶಕದ) ಮುಚ್ಚಳ ತೆಗೆಯಲೇಬೇಡಿ, ಸಾಧ್ಯವಾದರೆ ಫೈಂಡರನ್ನೇ ಬಿಚ್ಚಿಡಿ. ಗುರಿಯಿಡಲು ನೆಲದ ಮೇಲೆ ಬಿದ್ದ ಕೊಳವೆಯ ನೆರಳು ನೋಡಿಕೊಂಡರೆ ಸಾಕು. ಅದು ಅತಿ ಚಿಕ್ಕದಾಗಿ ದುಂಡಗಾದಾಗ ಸೂರ್ಯ ಒಳಗಿರುತ್ತಾನೆ.

ಹತ್ತಿಪ್ಪತ್ತು ಜನ ಒಟ್ಟಿಗೆ ನೋಡಬೇಕಿದ್ದರೆ ಪರದೆಯ ಮೇಲೆ ಬೀಳಿಸುವುದೇ ಸುಲಭ. ಆಗ ಫಿಲ್ಟರ್ ಇರುವುದಿಲ್ಲ, ಹಾಗಾಗಿ ಯಾರೂ ಐಪೀಸಿಗೆ ಕಣ್ಣಿಡದಂತೆ ಒಬ್ಬರು ಅಲ್ಲೇ ನಿಲ್ಲಬೇಕು. 800 ಮಿ.ಮೀ. ನಾಭಿದೂರ, 20 ಮಿ.ಮೀ. ಐಪೀಸ್, 30 ಸೆಂ.ಮೀ. ಹಿಂದೆ ಬಿಳಿ ಹಾಳೆ: ಸೂರ್ಯ 10.5 ಸೆಂ.ಮೀ., ಬುಧ ಅರ್ಧ ಮಿಲಿಮೀಟರ್. ಹಾಳೆಯ ಸುತ್ತ ರಟ್ಟಿನ ಮರೆ ಕಟ್ಟದಿದ್ದರೆ ಆ ಚುಕ್ಕೆ ಬಿಸಿಲಿನಲ್ಲಿ ಕರಗಿಹೋಗುತ್ತದೆ. ಅಂಟಿಸಿದ ಮಸೂರಗಳ ದುಬಾರಿ ಐಪೀಸ್ ಬೇಡ, ಅಂಟು ಕಾದು ಹಾಳಾಗುತ್ತದೆ. ಅಂಟಿಲ್ಲದ ಎರಡು ಬಿಡಿ ಮಸೂರಗಳ ಹಳೆಯ ಹೈಗನ್ಸ್ ಐಪೀಸ್ ಇಲ್ಲಿ ಉತ್ತಮ, ಅದರ ಮೈ ಪ್ಲಾಸ್ಟಿಕ್ಕಿನದಾಗಿರಬಾರದಷ್ಟೆ. ಕನ್ನಡಿ, ಮಸೂರ ಎರಡೂ ಇರುವ ಗಿಡ್ಡ ಕೊಳವೆಯ ಷ್ಮಿಟ್-ಕ್ಯಾಸಿಗ್ರೇನ್ ಟೆಲಿಸ್ಕೋಪಿನಲ್ಲಿ ಹೀಗೆ ಬೀಳಿಸಲೇಬಾರದು, ಒಳಗಿನ ಭಾಗಗಳೇ ಸುಡುತ್ತವೆ.

ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನವರು ಸೋಲುವುದು ಫೋಕಸ್ಸಿನಲ್ಲಿ. ತುಸು ತಪ್ಪಿದರೂ 10 ಆರ್ಕ್ ಸೆಕೆಂಡಿನ ಚುಕ್ಕೆ ಬೂದುಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ, ಬುಧ ಬಂದೇ ಇಲ್ಲ ಎಂದುಕೊಳ್ಳುತ್ತೇವೆ. ಮೊದಲ ಸ್ಪರ್ಶಕ್ಕೆ, ಅಂದರೆ ಬುಧ ಅಂಚು ಮುಟ್ಟುವುದಕ್ಕೆ, ಅರ್ಧ ಗಂಟೆ ಮೊದಲೇ ಸೌರಕಲೆ (ಸೂರ್ಯನ ಮೇಲಿನ ಕಪ್ಪು ಕಲೆ) ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಬಿಂಬದ ಅಂಚಿನ ಮೇಲೆ ಫೋಕಸ್ ಮಾಡಿ. ಕಲೆಗೂ ಬುಧನಿಗೂ ಗೊಂದಲವಾದರೆ ಹತ್ತು ನಿಮಿಷ ಕಾಯಿರಿ: ಬುಧ ನಿಮಿಷಕ್ಕೆ ಸುಮಾರು 6 ಆರ್ಕ್ ಸೆಕೆಂಡ್ ಸರಿಯುತ್ತಾನೆ, ಕಲೆ ಕದಲುವುದಿಲ್ಲ. ಕಲೆಯ ಸುತ್ತ ಬೂದುಬಣ್ಣದ ಅಂಚಿರುತ್ತದೆ, ಬುಧನಿಗೆ ಅದಿಲ್ಲ.

ಅಂಚು ಮುಟ್ಟಿದ್ದರಿಂದ ಪೂರ್ತಿ ಒಳಸೇರುವವರೆಗೆ ಎರಡೇ ನಿಮಿಷ. ಮೊದಲ ಸ್ಪರ್ಶವನ್ನು ಯಾರೂ ಸರಿಯಾದ ಕ್ಷಣಕ್ಕೆ ಹಿಡಿಯಲಾರರು, ಅಂಚು ಸವೆದಂತೆ ಕಂಡಾಗ ಅದು ಆಗಿಹೋಗಿರುತ್ತದೆ. ಲೆಕ್ಕಕ್ಕೆ ಬರುವುದು ಎರಡನೆಯ ಸ್ಪರ್ಶ (ಬುಧ ಪೂರ್ತಿ ಒಳಸೇರುವ ಕ್ಷಣ) ಮತ್ತು ಮೂರನೆಯ ಸ್ಪರ್ಶ (ಹೊರಹೋಗಲು ಒಳಗಿನಿಂದ ಅಂಚು ಮುಟ್ಟುವ ಕ್ಷಣ). ಅಲ್ಲಿ ಬುಧನಿಗೂ ಅಂಚಿಗೂ ನಡುವೆ ಕಪ್ಪು ಕೊಂಡಿಯೊಂದು ಎಳೆದಂತೆ ಕಾಣುವುದುಂಟು. ಶುಕ್ರ ಸಂಕ್ರಮಣದಲ್ಲೂ ಇದು ಕಾಣುವುದರಿಂದ ಹಿಂದೆ ಶುಕ್ರನ ವಾತಾವರಣವೇ ಕಾರಣವೆಂದು ಹೇಳಿದವರಿದ್ದರು. ಆದರೆ 1999ರಲ್ಲಿ ಟ್ರೇಸ್ ಉಪಗ್ರಹ ವಾಯುಮಂಡಲದ ಆಚೆಯಿಂದ ತೆಗೆದ ಬುಧನ ಚಿತ್ರಗಳಲ್ಲೂ ಆ ಕೊಂಡಿ ಸಿಕ್ಕಿತು. ಬುಧನಿಗೆ ಹೇಳಿಕೊಳ್ಳುವಂಥ ವಾತಾವರಣವೇ ಇಲ್ಲ. ಟೆಲಿಸ್ಕೋಪಿನ ಮಸುಕು ಮತ್ತು ಸೂರ್ಯನ ಅಂಚಿನ ಮಂಕು ಬೆಳಕು ಸೇರಿ ಅದನ್ನು ಹುಟ್ಟಿಸುತ್ತವೆ. ಕೊಂಡಿ ಕಡಿದು ಬೆಳಕಿನ ಎಳೆ ಮೂಡಿದ ಕ್ಷಣವೇ ಎರಡನೆಯ ಸ್ಪರ್ಶ ಎಂದು ಬರೆದುಕೊಳ್ಳಿ. ಮೊಬೈಲನ್ನು ಐಪೀಸಿಗೆ ಕಟ್ಟಿ ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ ವಿಡಿಯೊ ತೆಗೆದರೆ ಆಮೇಲೆ ನಿಧಾನಕ್ಕೆ ಅಳೆಯಬಹುದು.

ಜಾಗದ ಮಾತು. ಕಾಂಕ್ರೀಟ್ ತಾರಸಿ ನಡುಹಗಲಿಗೆ ಕಾದು ಬಿಂಬ ಕುದಿಯುವಂತೆ ಮಾಡುತ್ತದೆ, ಹುಲ್ಲಿನ ಮೈದಾನ ವಾಸಿ. ಬೆಂಗಳೂರಿನಲ್ಲಿ ಶುರುವಿಗೆ ಸೂರ್ಯ ಹೆಚ್ಚುಕಡಿಮೆ 59 ಡಿಗ್ರಿ ಎತ್ತರದಲ್ಲಿರುತ್ತಾನೆ, ಮುಕ್ತಾಯಕ್ಕೆ ಬರೀ 16ರಲ್ಲಿ, ಪಶ್ಚಿಮದಿಂದ ದಕ್ಷಿಣಕ್ಕೆ 23 ಡಿಗ್ರಿ ಸರಿದು. ಮೂರನೆಯ ಸ್ಪರ್ಶ ಬೇಕೆನ್ನುವವರು ಹಿಂದಿನ ದಿನವೇ ನಾಲ್ಕೂವರೆಗೆ ಅಲ್ಲಿ ನಿಂತು, ಆ ದಿಕ್ಕಿನಲ್ಲಿ ಮರವೋ ಅಪಾರ್ಟ್‌ಮೆಂಟೋ ಅಡ್ಡ ಬರುತ್ತದೆಯೇ ನೋಡಿಕೊಳ್ಳಬೇಕು. ಹಿಂಗಾರಿನ ಮೋಡ ದಕ್ಷಿಣದ ಜಿಲ್ಲೆಗಳಿಗೆ ಬರುವ ಕಾಲವದು. ಓಡಾಡಲು ಅನುಕೂಲ ಇರುವವರು ವಿಜಯಪುರ, ಕಲಬುರಗಿ ಕಡೆಗೆ ಒಂದು ಕಣ್ಣಿಟ್ಟಿರಿ, ಹೊರಡುವ ನಿರ್ಧಾರವನ್ನು ಹಿಂದಿನ ಸಂಜೆಯ ಉಪಗ್ರಹ ಚಿತ್ರ ನೋಡಿ ಮಾಡಿ.