ಖಿನ್ನತೆಯೊಳಗಿನ ಚಡಪಡಿಕೆ: ಔಷಧ ಆರಿಸುವ ಮುನ್ನ ಮತ್ತು ಆರಿಸಿದ ಮೇಲೆ

ಖಿನ್ನತೆ ಎಂದೊಡನೆ ಕಣ್ಣ ಮುಂದೆ ಬರುವುದು ಮೂಲೆ ಹಿಡಿದು ಮೌನವಾಗಿ ಕುಳಿತ ವ್ಯಕ್ತಿಯ ಚಿತ್ರ. ಆದರೆ ಖಿನ್ನತೆಯಿಂದ ಬಳಲುವ ಎಷ್ಟೋ ಜನ ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಕೈಗಳನ್ನು ಹಿಸುಕಿಕೊಳ್ಳುತ್ತ, ಬಟ್ಟೆಯ ಅಂಚನ್ನು ತಿರುಚುತ್ತ, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತ ದಿನ ದೂಡುತ್ತಾರೆ. ಮನಸ್ಸಿಗೆ ಯಾವುದೂ ಬೇಡವಾಗಿರುತ್ತದೆ, ದೇಹಕ್ಕೆ ಮಾತ್ರ ವಿಶ್ರಾಂತಿಯೇ ಇರುವುದಿಲ್ಲ. ಮನೆಯವರಿಗೆ ಇದು ಸಿಟ್ಟಾಗಿಯೋ ಹಟವಾಗಿಯೋ ಕಾಣುವುದರಿಂದ ಇದರ ಹಿಂದೆ ಖಿನ್ನತೆ ಇರಬಹುದೆಂದು ಬೇಗ ಹೊಳೆಯುವುದಿಲ್ಲ. ಇಂತಹ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ನಿದ್ರೆ ಕೆಡುತ್ತದೆ, ಆತ್ಮಹತ್ಯೆಯ ಅಪಾಯವೂ ಹೆಚ್ಚುತ್ತದೆ. ಹತಾಶೆಯ ಜೊತೆಗೆ ತಡೆಯಲಾಗದ ತಳಮಳ ಸೇರಿದಾಗ ಯೋಚನೆಯಿಂದ ಕೃತ್ಯಕ್ಕೆ ಇರುವ ಅಂತರ ಕಿರಿದಾಗುತ್ತದೆ. ಸಾಯುವ ಮಾತು ಬಂದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ಇಂತಹ ಚಡಪಡಿಕೆಗೆ ಯಾವ ಔಷಧ ಒಳ್ಳೆಯದು ಎಂಬ ಪ್ರಶ್ನೆ ಸಹಜವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಇದು ಯಾವಾಗ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ಬದಲಾಗಿತ್ತು? ಹೊರನೋಟಕ್ಕೆ ಒಂದೇ ರೀತಿ ಕಾಣುವ ತಳಮಳದ ಬೇರುಗಳು ಹಲವು. ಒಂದನ್ನು ತಣಿಸುವ ಮಾತ್ರೆ ಇನ್ನೊಂದನ್ನು ಕೆರಳಿಸಬಲ್ಲದು. ಈ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ಬರೆದ ಔಷಧಚೀಟಿ ಎಷ್ಟೋ ಸಲ ತೊಂದರೆಯನ್ನು ಉದ್ದ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೇಹದ ಕಾರಣಗಳು ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಎದೆ ಬಡಿತ, ಬೆವರು, ನಡುಕ, ನಿದ್ರೆಗೇಡು ಎಲ್ಲವೂ ಆತಂಕದ ವೇಷದಲ್ಲೇ ಬರುತ್ತವೆ. ಅದನ್ನು ಒಂದು ರಕ್ತಪರೀಕ್ಷೆ ತಿಳಿಸಿಬಿಡುತ್ತದೆ. ಸ್ಟೀರಾಯ್ಡ್ ಮಾತ್ರೆಗಳು, ಉಬ್ಬಸಕ್ಕೆ ಬಳಸುವ ಕೆಲವು ಔಷಧಗಳು, ಹೆಚ್ಚು ಕಾಫಿ, ನಿತ್ಯ ಕುಡಿಯುವವರು ಮದ್ಯವನ್ನು ದಿಢೀರನೆ ಬಿಟ್ಟದ್ದು, ಇವೂ ಇದೇ ಪಟ್ಟಿಗೆ ಸೇರುತ್ತವೆ.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ಕಾರಣವೆಂದರೆ ಚಿಕಿತ್ಸೆಗೆಂದು ಕೊಟ್ಟ ಔಷಧವೇ ತಂದ ಚಡಪಡಿಕೆ. ವೈದ್ಯಕೀಯದಲ್ಲಿ ಇದನ್ನು ಅಕಥೀಸಿಯಾ ಎನ್ನುತ್ತಾರೆ. ಭ್ರಮೆ, ಭ್ರಾಂತಿಗಳಿಗೆ ಕೊಡುವ ಮನೋವಿಕಾರ ನಿರೋಧಕ (ಆಂಟಿಸೈಕೋಟಿಕ್) ಔಷಧಗಳಿಂದ ಇದು ಹೆಚ್ಚಾಗಿ ಬರುತ್ತದೆ. ವಾಂತಿ ತಡೆಯಲು ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಬರಬಹುದು, ಅಪರೂಪಕ್ಕೆ ಖಿನ್ನತೆಯ ಮಾತ್ರೆಗಳಿಂದಲೂ ಬರಬಹುದು. ಇದನ್ನು ಅಳೆಯುವ ವಿಧಾನವೊಂದು 1989ರಿಂದ ಬಳಕೆಯಲ್ಲಿದೆ. ವೈದ್ಯರು ರೋಗಿಯನ್ನು ಕನಿಷ್ಠ ಎರಡು ನಿಮಿಷ ಕೂರಿಸಿ, ಆಮೇಲೆ ಎರಡು ನಿಮಿಷ ನಿಲ್ಲಿಸಿ, ಯಾವುದೋ ಸಾಮಾನ್ಯ ವಿಷಯ ಮಾತಾಡುತ್ತ ಕಾಲುಗಳನ್ನು ಗಮನಿಸುತ್ತಾರೆ. ಕೂತಾಗ ಪಾದಗಳು ನೆಲವನ್ನು ಉಜ್ಜುತ್ತಿರುತ್ತವೆ, ತೊಡೆಗಳು ಅಲುಗುತ್ತಿರುತ್ತವೆ. ನಿಂತಾಗ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತದೆ. ಇಷ್ಟಾದ ಮೇಲೆ ಕೇಳುವ ಮಾತೂ ಮುಖ್ಯ. ಆತಂಕಪಡುವವರು ಏನೋ ಕೆಟ್ಟದ್ದು ಆಗುತ್ತದೆ ಎನ್ನುತ್ತಾರೆ. ಅಕಥೀಸಿಯಾ ಇರುವವರು ಕಾಲು ಆಡಿಸದೆ ಇರಲಾಗುತ್ತಿಲ್ಲ, ನಡೆದರೆ ಮಾತ್ರ ಸ್ವಲ್ಪ ಹಗುರ ಎನ್ನುತ್ತಾರೆ. ಹೊಸ ಮಾತ್ರೆ ಆರಂಭಿಸಿದ ಅಥವಾ ಡೋಸ್ ಏರಿಸಿದ ಕೆಲವೇ ದಿನಗಳಲ್ಲಿ ಇದು ಕಾಣಿಸಿಕೊಂಡಿದ್ದರೆ ಅನುಮಾನ ಬಲವಾಗುತ್ತದೆ. ಆಗ ರೋಗ ಉಲ್ಬಣಿಸಿತೆಂದು ತಿಳಿದು ಅದೇ ಔಷಧವನ್ನು ಇನ್ನಷ್ಟು ಏರಿಸುವುದು ಉರಿಯುವ ಒಲೆಗೆ ಸೌದೆ ಒಡ್ಡಿದಂತೆ. ಡೋಸ್ ಇಳಿಸುವುದು, ಔಷಧ ಬದಲಿಸುವುದು, ಬೇಕಾದರೆ ಪ್ರೊಪ್ರನೊಲಾಲ್ ಅಥವಾ ಕಡಿಮೆ ಪ್ರಮಾಣದ ಮಿರ್ಟಾಜಪೀನ್ ಸೇರಿಸುವುದು, ಇವು ಇದಕ್ಕೆ ಇರುವ ದಾರಿಗಳು.

ಇನ್ನೊಂದು ಬೇರು, ಖಿನ್ನತೆಯೂ ವಿಪರೀತ ಉತ್ಸಾಹದ ಉನ್ಮಾದವೂ ಬಂದು ಹೋಗುವ ಬೈಪೋಲಾರ್ ಕಾಯಿಲೆಯದು. ಖಿನ್ನತೆಯ ನಡುವೆಯೇ ಉನ್ಮಾದದ ಕೆಲವು ಲಕ್ಷಣಗಳು ಬೆರೆತು, ಓಡುವ ಯೋಚನೆ, ನಿಲ್ಲದ ಮಾತು, ಕಡಿಮೆ ನಿದ್ರೆಯಲ್ಲೂ ಕುಗ್ಗದ ಚಟುವಟಿಕೆ ಕಾಣಿಸಬಹುದು. ಹಿಂದೆ ಎಂದಾದರೂ ಕೆಲವು ದಿನ ವಿಪರೀತ ಉತ್ಸಾಹ, ಬೇಕಾಬಿಟ್ಟಿ ಖರ್ಚು, ನಿದ್ರೆಯೇ ಬೇಡವೆನಿಸಿದ ಕಾಲ ಇತ್ತೇ ಎಂದು ರೋಗಿಯನ್ನೂ ಮನೆಯವರನ್ನೂ ವಿಚಾರಿಸದೆ ಮುಂದುವರಿಯಬಾರದು. ಇಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಚಡಪಡಿಕೆ ಕೆರಳಬಹುದು. ಮೊದಲು ಬೇಕಾದದ್ದು ಲಿಥಿಯಂ ಅಥವಾ ಕ್ವೆಟಿಯಪೀನ್‌ನಂತಹ, ಮನಸ್ಸಿನ ಏರಿಳಿತವನ್ನು ಹಿಡಿದಿಡುವ ಔಷಧ.

ಇವೆಲ್ಲ ಅಲ್ಲವೆಂದಾದರೆ ಉಳಿಯುವುದು ಆತಂಕ ಬೆರೆತ ಖಿನ್ನತೆ. ಇಲ್ಲಿ ಸಾಮಾನ್ಯವಾಗಿ ಮೊದಲ ಆಯ್ಕೆ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಕೋಶಗಳು ಮತ್ತೆ ಹೀರಿಕೊಳ್ಳುವ ಮರುಹೀರಿಕೆಯನ್ನು ತಡೆಯುವ ಎಸ್‌ಎಸ್‌ಆರ್‌ಐ ಗುಂಪಿನ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಮುಂತಾದವು. ಈ ಗುಂಪಿನ ಫ್ಲುವೊಕ್ಸೆಟೀನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ಇವು ಖಿನ್ನತೆಗೂ ಆತಂಕಕ್ಕೂ ಕೆಲಸ ಮಾಡುತ್ತವೆ, ಆದರೆ ನಿಧಾನವಾಗಿ. ಮರುಹೀರಿಕೆ ತಡೆಯುವ ಕ್ರಿಯೆ ಕೆಲವೇ ಗಂಟೆಗಳಲ್ಲಿ ಆರಂಭವಾದರೂ ಅದಕ್ಕೆ ಮೆದುಳಿನ ಜಾಲಗಳು ಹೊಂದಿಕೊಂಡು ಮನಸ್ಸು ಹಗುರವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಮೊದಲ ಒಂದೆರಡು ವಾರ ತಳಮಳ ಇನ್ನೂ ಹೆಚ್ಚಾಗುವ ಸಾಧ್ಯತೆಯೂ ಇದೆ. ಇದನ್ನು ಮುಂಚೆಯೇ ಹೇಳದಿದ್ದರೆ ಎಷ್ಟೋ ಜನ ಮಾತ್ರೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಆತಂಕ ಹೆಚ್ಚಿರುವವರಿಗೆ ವಾಡಿಕೆಯ ಡೋಸ್‌ನ ಅರ್ಧದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಹರೆಯದವರಲ್ಲಿ ಈ ಆರಂಭದ ದಿನಗಳ ಮೇಲೆ ವಿಶೇಷ ಕಣ್ಣಿಡಬೇಕು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹೊರಡಿಸಿತು, 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಿತು.

ಮೊದಲ ಔಷಧವೇ ಎಲ್ಲರಿಗೂ ಒಗ್ಗುವುದಿಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ಸ್ಟಾರ್-ಡಿ ಅಧ್ಯಯನದಲ್ಲಿ, ಮೊದಲ ಔಷಧವಾದ ಸಿಟಲೋಪ್ರಾಮ್‌ನಿಂದ ಸಂಪೂರ್ಣ ಚೇತರಿಸಿಕೊಂಡವರು ಮೂರರಲ್ಲಿ ಒಂದು ಭಾಗದಷ್ಟು ಮಾತ್ರ. ಆತಂಕ ಹೆಚ್ಚಿದ್ದವರಲ್ಲಿ ಆ ಪ್ರಮಾಣ ಇನ್ನೂ ಕಡಿಮೆಯಿತ್ತು. ಮಾತ್ರೆ ಬದಲಿಸಬೇಕಾಗಿ ಬಂದರೆ ಅದು ರೋಗಿಯ ಸೋಲಲ್ಲ, ಚಿಕಿತ್ಸೆಯ ವಾಡಿಕೆಯ ಹಾದಿಯೇ ಅದು.

ಆಗ ಪರಿಗಣಿಸುವ ಔಷಧಗಳಲ್ಲಿ ಮಿರ್ಟಾಜಪೀನ್ ಕುತೂಹಲಕರವಾದದ್ದು. ಅದು ಮರುಹೀರಿಕೆಯನ್ನು ತಡೆಯುವುದಿಲ್ಲ. ಕೋಶಗಳು ರಾಸಾಯನಿಕ ಸಂದೇಶ ಪಡೆಯುವ ತಾಣಗಳಾದ ಗ್ರಾಹಕಗಳಲ್ಲಿ ಸೆರೊಟೋನಿನ್‌ನ ಕೆಲವನ್ನೂ ಹಿಸ್ಟಮಿನ್‌ನದನ್ನೂ ಮುಚ್ಚುತ್ತದೆ. ಹಿಸ್ಟಮಿನ್ ಮೆದುಳನ್ನು ಎಚ್ಚರವಾಗಿಡುವ ರಾಸಾಯನಿಕವಾದ್ದರಿಂದ ಅದರ ದಾರಿ ಮುಚ್ಚಿದರೆ ಮೊದಲ ರಾತ್ರಿಯಿಂದಲೇ ನಿದ್ರೆ ಬರಬಹುದು. ನಿದ್ರೆಯಿಲ್ಲದೆ, ಊಟ ಸೇರದೆ ಸೊರಗಿದವರಿಗೆ ಇದು ವರವಾದರೆ, ತೂಕ ಏರಿದರೆ ತೊಂದರೆಯಾಗುವವರಿಗೆ ಇದೇ ಹೊರೆ. ವೆನ್ಲಫಾಕ್ಸೀನ್ ಮತ್ತು ಡುಲೋಕ್ಸೆಟೀನ್ ಆತಂಕಕ್ಕೂ ಒಳ್ಳೆಯವು, ಆದರೆ ವೆನ್ಲಫಾಕ್ಸೀನ್ ಪಡೆಯುವವರ ರಕ್ತದೊತ್ತಡವನ್ನು ಗಮನಿಸುತ್ತಿರಬೇಕು. ಬುಪ್ರೊಪಿಯಾನ್ ಚುರುಕು ತರುವ ಔಷಧವಾದ್ದರಿಂದ ಚಡಪಡಿಕೆ ಇರುವವರಿಗೆ ಅದು ಸಾಮಾನ್ಯವಾಗಿ ಮೊದಲ ಆಯ್ಕೆಯಾಗುವುದಿಲ್ಲ. ಹಳೆಯ ಅಮಿಟ್ರಿಪ್ಟಿಲೀನ್ ತಳಮಳ ತಗ್ಗಿಸಿ ನಿದ್ರೆ ತರುತ್ತದಾದರೂ ಮಿತಿಮೀರಿ ನುಂಗಿದರೆ ಹೃದಯದ ಲಯ ಕೆಡಿಸಿ ಪ್ರಾಣಕ್ಕೆ ಎರವಾಗುತ್ತದೆ. ಆತ್ಮಹತ್ಯೆಯ ಅಪಾಯ ಇರುವವರ ಕೈಗೆ ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಬಾರದು.

ವಾರಗಟ್ಟಲೆ ಕಾಯಲಾಗದ ತಳಮಳಕ್ಕೆ ಲೊರಾಜಪಾಮ್, ಕ್ಲೊನಾಜಪಾಮ್‌ನಂತಹ ಬೆಂಜೊಡಯಾಜಪೀನ್‌ಗಳಿವೆ. ಮೆದುಳಿನ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಇವು ಹೆಚ್ಚಿಸುವುದರಿಂದ ಒಂದು ಗಂಟೆಯೊಳಗೇ ನೆಮ್ಮದಿ ಸಿಗಬಹುದು. 1960ರಲ್ಲಿ ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಡಯಾಜಪಾಕ್ಸೈಡ್ ಮಾರುಕಟ್ಟೆಗೆ ಬಂದ ಮೇಲೆ ಜಗತ್ತು ಇವನ್ನು ಧಾರಾಳವಾಗಿ ನುಂಗಿತು, ಅವಲಂಬನೆಯ ಬೆಲೆ ಆಮೇಲೆ ಗೊತ್ತಾಯಿತು. ಖಿನ್ನತೆಯ ಮಾತ್ರೆ ಹಿಡಿತಕ್ಕೆ ಬರತೊಡಗುವವರೆಗಿನ ಎರಡರಿಂದ ನಾಲ್ಕು ವಾರಗಳಿಗೆ ಇವು ಸರಿಯಾದ ಆಸರೆ. ಅದನ್ನು ದಾಟಿ ಮುಂದುವರಿದಂತೆ ದೇಹ ಒಗ್ಗಿಕೊಳ್ಳುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಏಕಾಏಕಿ ನಿಲ್ಲಿಸಿದರೆ ಮೊದಲಿಗಿಂತ ತೀವ್ರ ಚಡಪಡಿಕೆ, ಕೆಲವೊಮ್ಮೆ ಅಪಸ್ಮಾರದಂತಹ ಸೆಳೆತವೂ ಬರುತ್ತದೆ. ಮದ್ಯದ ಜೊತೆ ಅಥವಾ ಅಫೀಮು ಮೂಲದ ನೋವು ನಿವಾರಕಗಳ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ವಯಸ್ಸಾದವರಲ್ಲಿ ಬೀಳುವ ಭಯವೂ ಇದೆ.

ಅವಲಂಬನೆ ತರದ ಆಯ್ಕೆಗಳೂ ಉಂಟು. ಬಸ್ಪಿರೋನ್ ದೀರ್ಘಕಾಲದ ಆತಂಕಕ್ಕೆ ವಾರಗಳ ಬಳಿಕ ಫಲ ಕೊಡುತ್ತದೆ, ಹೈಡ್ರಾಕ್ಸಿಜೀನ್ ಅಲ್ಪಾವಧಿಗೆ ನೆರವಾಗುತ್ತದೆ. ಪ್ರೊಪ್ರನೊಲಾಲ್ ಎದೆಬಡಿತ, ನಡುಕವನ್ನು ತಗ್ಗಿಸುತ್ತದೆ. ಉಬ್ಬಸ ಇರುವವರಿಗೆ ಅದು ಸಲ್ಲದು.

ಒಂದೆರಡು ಔಷಧಗಳನ್ನು ಸಾಕಷ್ಟು ಡೋಸ್‌ನಲ್ಲಿ, ಸಾಕಷ್ಟು ಕಾಲ ಕೊಟ್ಟೂ ತಳಮಳ ಉಳಿದರೆ, ಇರುವ ಮಾತ್ರೆಗೆ ಕ್ವೆಟಿಯಪೀನ್, ಓಲಾಂಜಪೀನ್ ಅಥವಾ ಅರಿಪಿಪ್ರಜೋಲ್‌ನಂತಹ ಮನೋವಿಕಾರ ನಿರೋಧಕವನ್ನು ಸೇರಿಸುವುದುಂಟು. ಇವುಗಳ ಆಯ್ಕೆಯಲ್ಲೂ ಚಡಪಡಿಕೆಯ ಬೇರು ನೆನಪಿನಲ್ಲಿರಬೇಕು. ಕ್ವೆಟಿಯಪೀನ್ ಶಮನಕಾರಿ, ಅರಿಪಿಪ್ರಜೋಲ್ ಕೆಲವರಿಗೆ ಅಕಥೀಸಿಯಾವನ್ನೇ ತರುತ್ತದೆ. ಕ್ವೆಟಿಯಪೀನ್ ಮತ್ತು ಓಲಾಂಜಪೀನ್ ದೇಹದ ತೂಕ, ರಕ್ತದ ಸಕ್ಕರೆ, ಕೊಬ್ಬಿನಂಶಗಳನ್ನು ಏರಿಸಬಹುದಾದ್ದರಿಂದ ಆರಂಭಕ್ಕೆ ಮುನ್ನವೂ ಆಮೇಲೆ ನಿಯತವಾಗಿಯೂ ಪರೀಕ್ಷೆ ಬೇಕು. ಉನ್ಮಾದದ ಚಿಕಿತ್ಸೆಯಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉಪಯೋಗ ಕಂಡ ಲಿಥಿಯಂ ಇಲ್ಲಿಯೂ ಬಲವಾದ ಆಯ್ಕೆ. ಆದರೆ ಚಿಕಿತ್ಸೆಗೆ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ ಇರುವುದರಿಂದ ರಕ್ತದಲ್ಲಿನ ಮಟ್ಟವನ್ನೂ ಮೂತ್ರಪಿಂಡ ಮತ್ತು ಥೈರಾಯ್ಡ್‌ಗಳನ್ನೂ ಪರೀಕ್ಷಿಸುತ್ತಿರಬೇಕು. ಊಟ, ನೀರು ಬಿಟ್ಟು ನರಳುವಷ್ಟು ತೀವ್ರ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟು ನಡೆಸುವ ವಿದ್ಯುತ್ ಚಿಕಿತ್ಸೆ ಮಾತ್ರೆಗಳಿಗಿಂತ ಬೇಗ ಗುಣ ತೋರುತ್ತದೆ. ಅದರ ಬಗೆಗಿನ ಭಯದಿಂದ ಎಷ್ಟೋ ಜನ ಉಪಯುಕ್ತ ಚಿಕಿತ್ಸೆಯಿಂದ ದೂರ ಉಳಿಯುವುದು ದುಃಖದ ಸಂಗತಿ. ಮಾತಿನ ಚಿಕಿತ್ಸೆಯನ್ನು ಔಷಧದ ಜೊತೆಗೇ ನಡೆಸಬಹುದು, ತಳಮಳ ತುಸು ಇಳಿದ ಮೇಲೆ ಅದರಲ್ಲಿ ಭಾಗವಹಿಸುವುದೂ ಸುಲಭವಾಗುತ್ತದೆ.

ಗುಣವಾದ ಮೇಲೂ ಖಿನ್ನತೆಯ ಮಾತ್ರೆಯನ್ನು ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ. ಹಿಂದೆಯೂ ಮರುಕಳಿಸಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ನಿಲ್ಲಿಸುವಾಗ ಹಂತಹಂತವಾಗಿ, ಕೊನೆಯ ಹಂತಗಳಲ್ಲಿ ಇನ್ನೂ ಚಿಕ್ಕ ಪ್ರಮಾಣದಲ್ಲಿ ಇಳಿಸಬೇಕು. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ವಿದ್ಯುತ್ ತಾಗಿದಂತಹ ಅನುಭವದ ಜೊತೆ ಚಡಪಡಿಕೆ ಬಂದರೆ ಅದು ಬಹುಮಟ್ಟಿಗೆ ಔಷಧ ಬಿಟ್ಟದ್ದರ ಪರಿಣಾಮ. ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹಳೆಯ ನಿರಾಸಕ್ತಿಯನ್ನೂ ಕರೆದುಕೊಂಡು ಮೆಲ್ಲಗೆ ಬಂದರೆ ಅದು ಕಾಯಿಲೆ ಮರಳಿದ ಸೂಚನೆ. ಮೊದಲನೆಯದಕ್ಕೆ ಹಿಂದಿನ ಡೋಸ್‌ಗೆ ಮರಳಿ ಇನ್ನಷ್ಟು ನಿಧಾನವಾಗಿ ಇಳಿಸಿದರೆ ಸಾಮಾನ್ಯವಾಗಿ ಸಾಕು. ಎರಡನೆಯದಕ್ಕೆ ಚಿಕಿತ್ಸೆಯನ್ನು ಮತ್ತೆ ಆರಂಭಿಸಬೇಕಾಗುತ್ತದೆ.