ಬಣ್ಣ ಹೊಡೆಸಿದ ಮೇಲೆ ದೀಪ ಯಾಕೆ ಮಂಕಾಯಿತು?

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿ 'ವೈರಿಂಗ್ ಪೂರ್ತಿ ಬದಲಾಯಿಸಿಕೊಡಿ' ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ತೊಂದರೆ ಬಣ್ಣ ಹೊಡೆಸುವುದಕ್ಕೆ ಮುಂಚೆ ಇತ್ತಾ? ಸ್ವಲ್ಪ ಯೋಚಿಸಿ 'ಇರಲಿಲ್ಲ, ಆಗ ಎಲ್ಲಾ ಚೆನ್ನಾಗೇ ಉರಿಯುತ್ತಿತ್ತು' ಎನ್ನುತ್ತಾರೆ. ಅಷ್ಟು ಹೇಳಿದ ಮೇಲೂ ಅವರ ಕೈಯಲ್ಲಿ ಹೊಸ ವೈರಿನ ಕಟ್ಟಿನ, ಅಂದರೆ ಹಾರ್ನೆಸ್‌ನ ಕ್ಯಾಟಲಾಗ್ ತೆರೆದೇ ಇರುತ್ತದೆ. ತುಕ್ಕು ಹಿಡಿದು ಮೂಲೆಯಲ್ಲಿ ನಿಂತಿದ್ದಾಗ ಉರಿಯುತ್ತಿದ್ದ ದೀಪ, ಲಕಲಕ ಹೊಳೆಯುವ ಹಾಗೆ ಮಾಡಿದ ಮೇಲೆ ಮಂಕಾಯಿತು ಎಂದರೆ ಕೆಟ್ಟಿರುವುದು ವೈರಲ್ಲ. ನೀವು ಪ್ರೀತಿಯಿಂದ ಹೊಡೆಸಿದ ಆ ಬಣ್ಣ ವಿದ್ಯುತ್ತು ವಾಪಸು ಹೋಗುವ ದಾರಿಗೆ ಅಡ್ಡ ಬಂದಿದೆ.

ಇಷ್ಟು ವರ್ಷ ಹಳೆಯ ಕಾರುಗಳ ವೈರಿಂಗ್ ಕೆಲಸ ಮಾಡಿದ್ದರಲ್ಲಿ ಈ ಒಂದು ಮಾತನ್ನು ಹೇಳಿದಷ್ಟು ಬೇರೇನನ್ನೂ ಹೇಳಿಲ್ಲ. ಕೇಳಿಸಿಕೊಂಡವರು ತಲೆ ಆಡಿಸುತ್ತಾರೆ, ಹೋಗಿ ಹೊಸ ಆಲ್ಟರ್ನೇಟರ್ ತರುತ್ತಾರೆ. ಆದ್ದರಿಂದ ಇವತ್ತು ಸಾವಕಾಶವಾಗಿ, ಬೇಸರವಾದರೂ ಸರಿ, ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಲೂಕಸ್ ಕಂಪನಿಯ ಮೇಲಿನ ಅಪವಾದದ ವಿಷಯ. ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಲೂಕಸ್ ಸ್ಥಾಪಿಸಿದ ಆ ಸಂಸ್ಥೆಯ ವಿದ್ಯುತ್ ಸಾಮಾನು ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್, ಲೋಟಸ್ ಎಲ್ಲದರಲ್ಲೂ ಇತ್ತು. ಲೂಕಸ್ ಎಂದರೆ ಕತ್ತಲೆಯ ರಾಜಕುಮಾರ ಎನ್ನುವ ಹಳೇ ತಮಾಷೆಯನ್ನು ನನ್ನ ಮುಂದೆ ಹೇಳದ ಗ್ರಾಹಕರು ಕಡಿಮೆ. ನನಗೆ ಅದು ತಮಾಷೆ ಅನ್ನಿಸುವುದಿಲ್ಲ, ಯಾಕೆಂದರೆ ಆ ಮಾತು ಹೇಳಿದವರು ಅಲ್ಲಿಗೆ ತಪಾಸಣೆ ನಿಲ್ಲಿಸುತ್ತಾರೆ. 1962ರಿಂದ 1980ರವರೆಗೆ ಅಬಿಂಗ್‌ಡನ್‌ನಲ್ಲಿ ತಯಾರಾದ, ಎಂಜಿಯ ಎಂಜಿಬಿ ಮಾಡೆಲ್ಲಿನ ವೈರಿಂಗ್ ಅಚ್ಚುಕಟ್ಟು ಕೆಲಸ. ವೈರಿನ ಬಣ್ಣ ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ: ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಎಂದರೆ ಇಗ್ನಿಷನ್ ಕೀ ತಿರುಗಿಸಿದ ಮೇಲೆ ಜೀವ ಬರುವುದು, ಹಸಿರು ಎಂದರೆ ಅದೇ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ದೀಪ, ಕಪ್ಪು ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿ. ಇದನ್ನು ಬಾಯಿಪಾಠ ಮಾಡಿಕೊಂಡವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಐವತ್ತು ಅರವತ್ತು ವರ್ಷ ಮಳೆ, ತೇವ, ಅಡ್ಡಾದಿಡ್ಡಿ ರಿಪೇರಿ ಎಲ್ಲವನ್ನೂ ತಡೆದುಕೊಂಡ ವ್ಯವಸ್ಥೆ ಅದು.

ಈ ಕಾರುಗಳಲ್ಲಿ ಬಹುಮಟ್ಟಿಗೆ ದೀಪಕ್ಕೆ ಹೋಗುವ ವೈರು ಒಂದೇ. ವಾಪಸು ಬರುವ ದಾರಿ ಕಾರಿನ ಬಾಡಿಯೇ. ಅಂದರೆ ಸರ್ಕ್ಯೂಟಿನ ಅರ್ಧ ಭಾಗ ನಿಮ್ಮ ಹಾರ್ನೆಸ್ಸಿನಲ್ಲಿ ಇಲ್ಲವೇ ಇಲ್ಲ. ಅದು ಮಡ್‌ಗಾರ್ಡಿನಲ್ಲಿದೆ, ಹಿಂದಿನ ಡಿಕ್ಕಿಯ, ಅಂದರೆ ಬೂಟಿನ ನೆಲದಲ್ಲಿದೆ, ಬೋಲ್ಟಿನ ತಲೆಯ ಕೆಳಗಿದೆ. ಸಾವಿರಾರು ಬೋಲ್ಟ್ ಬಿಚ್ಚಿ, ಮರಳು ಹೊಡೆಸಿ, ಪ್ರೈಮರ್ ಹಚ್ಚಿ, ಮೇಲೆ ಬಣ್ಣ, ಅದರ ಮೇಲೆ ಲ್ಯಾಕರ್, ಅಡಿಭಾಗಕ್ಕೆ ಪೌಡರ್ ಕೋಟಿಂಗ್ ಮಾಡಿಸಿ ಜೋಡಿಸಿದರೆ, ಕಾರ್ಖಾನೆ ಬಿಟ್ಟ ದಿನ ಲೋಹಕ್ಕೆ ಲೋಹ ತಾಗುತ್ತಿದ್ದ ಪ್ರತಿಯೊಂದು ಜಾಗದಲ್ಲೂ ಈಗ ಬಣ್ಣಕ್ಕೆ ಬಣ್ಣ ತಾಗುತ್ತದೆ. ಬಣ್ಣ, ಪೌಡರ್ ಎರಡೂ ವಿದ್ಯುತ್ ನಿರೋಧಕ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಗೆ ಹೊಸ ಬಾಡಿಶೆಲ್ ಮಾಡಿಕೊಡುತ್ತಿದೆ. ಒಳ್ಳೆಯ ಶೆಲ್ಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕಾರಿನ ಸಾಮಾನನ್ನೆಲ್ಲ ಹೊಸ ಶೆಲ್ಲಿಗೆ ಸಾಗಿಸಿದಾಗ ಕಾರಿನ ಅಷ್ಟೂ ಅರ್ಥಿಂಗ್ ಜಾಗ ಒಂದೇ ಸಲಕ್ಕೆ ಬಣ್ಣದಡಿ ಸೇರಿರುತ್ತದೆ. ಅದನ್ನು ನೆನಪಿಟ್ಟು ಕೆರೆದವರ ಕಾರು ಓಡುತ್ತದೆ, ಮರೆತವರ ಕಾರು ನನ್ನ ಹತ್ತಿರ ಬರುತ್ತದೆ.

ಕೊಳಾಯಿಯಲ್ಲಿ ಎಷ್ಟು ಜೋರಾಗಿ ನೀರು ಬಂದರೂ ಬಚ್ಚಲಿನ ಮೋರಿ ಕಟ್ಟಿಕೊಂಡಿದ್ದರೆ ಸ್ನಾನ ಮಾಡಲಾಗುವುದಿಲ್ಲ. ಜನ ಕೊಳಾಯಿ ಬದಲಾಯಿಸುತ್ತಲೇ ಇರುತ್ತಾರೆ.

ಹೀಗೆಂದಾಗ ತಿಳಿದವರು ಹೇಳುವ ಮಾತು: 'ಸಾರ್, ನಾನು ಮಲ್ಟಿಮೀಟರ್ ಹಾಕಿ ನೋಡಿದೆ, ಬೀಪ್ ಅಂತು. ಅರ್ಥಿಂಗ್ ಸರಿಯಾಗಿದೆ.' ದಯವಿಟ್ಟು ಈ ಮುಂದಿನದನ್ನು ಎರಡು ಸಲ ಓದಿ.

ಮೀಟರಿನ ಬೀಪ್ ಹೇಳುವುದು 'ದಾರಿ ಇದೆ' ಎಂದು ಮಾತ್ರ. ದಾರಿ ಎಷ್ಟು ಅಗಲ ಎಂದು ಅದು ಹೇಳುವುದಿಲ್ಲ. ಎಷ್ಟೋ ಮೀಟರ್‌ಗಳು ಹತ್ತಾರು ಓಮ್ ರೋಧ, ಅಂದರೆ ಕರೆಂಟಿಗೆ ತಡೆ, ಇದ್ದರೂ ಬೀಪ್ ಎನ್ನುತ್ತವೆ. ಎಲ್ಲ ಎಳೆ ತುಂಡಾಗಿ ಒಂದೇ ಎಳೆಯಲ್ಲಿ ನೇತಾಡುವ ವೈರಿಗೂ ಬೀಪ್ ಎನ್ನುತ್ತವೆ, ಯಾಕೆಂದರೆ ಮೀಟರು ಆ ದಾರಿಯಲ್ಲಿ ಕಳಿಸುವುದು ಒಂದಿಷ್ಟೇ ಇಷ್ಟು ಕರೆಂಟು. ದೀಪ ಕಳಿಸುವುದು ಹಾಗಲ್ಲ. 60 ವಾಟಿನ ಹೆಡ್‌ಲೈಟ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಬಣ್ಣ ಮೆತ್ತಿದ ಬೋಲ್ಟಿನಲ್ಲಿ 0.2 ಓಮ್ ರೋಧ ಇದ್ದರೂ ಸಾಕು, ಹತ್ತಿರ ಹತ್ತಿರ 1 ವೋಲ್ಟು ಅಲ್ಲೇ ಸೋರಿಹೋಗುತ್ತದೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಲೆಕ್ಕದಲ್ಲಿ ಕುಗ್ಗುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಗ್ಗುತ್ತದೆ. 12ರಲ್ಲಿ 1 ವೋಲ್ಟು ಹೋದರೆ ಬೆಳಕಿನಲ್ಲಿ ಸುಮಾರು ಕಾಲು ಭಾಗ ಹೋಯಿತು. ಇನ್ನು 0.2 ಓಮನ್ನು ಮೀಟರಿನಿಂದ ನೇರವಾಗಿ ಅಳೆಯಲು ಹೋದರೆ, ಸಾಧಾರಣ ಮೀಟರಿನ ವೈರುಗಳ ರೋಧವೇ ಅಷ್ಟಿರುತ್ತದೆ.

ಸ್ಟಾರ್ಟರ್ ವಿಷಯದಲ್ಲಂತೂ ಲೆಕ್ಕ ಇನ್ನೂ ಕಠಿಣ. ಎಂಜಿನ್ ತಿರುಗಿಸುವಾಗ ಅದು 200 ಆಂಪಿಯರ್ ಎಳೆಯಿತು ಎಂದುಕೊಳ್ಳಿ. 0.01 ಓಮ್, ಅಂದರೆ ಯಾವ ಸಾಮಾನ್ಯ ಮೀಟರಿಗೂ ಕಾಣದಷ್ಟು ರೋಧ, 2 ವೋಲ್ಟು ನುಂಗುತ್ತದೆ. ಬ್ಯಾಟರಿ ಹೊಸದು, ಸ್ಟಾರ್ಟರ್ ಹೊಸದು, ಆದರೂ ಎಂಜಿನ್ ನಿಧಾನವಾಗಿ ನರಳುತ್ತಾ ತಿರುಗುತ್ತದೆ ಎನ್ನುವವರು ಇದನ್ನೇ ಹೇಳುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ.

ಆದ್ದರಿಂದ ಅಳೆಯಬೇಕಾದ್ದು ರೋಧವನ್ನಲ್ಲ, ಕರೆಂಟು ಹರಿಯುತ್ತಿರುವಾಗ ಎಷ್ಟು ವೋಲ್ಟು ಕಳೆದುಹೋಗುತ್ತಿದೆ ಎಂಬುದನ್ನು. ಹೆಡ್‌ಲೈಟ್ ಹಾಕಿ. ಮೀಟರನ್ನು ಡಿಸಿ ವೋಲ್ಟೇಜಿನಲ್ಲಿಡಿ. ಮೀಟರಿನ ವೈರುಗಳ ತುದಿಯ ಒಂದು ಮುಳ್ಳನ್ನು ಬಲ್ಬ್ ಹೋಲ್ಡರಿನ ಅರ್ಥಿಂಗ್ ತುದಿಗೆ ಒತ್ತಿ, ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ಕಡೆಯ ಕಂಬಕ್ಕೇ ಒತ್ತಿ. ಕಂಬಕ್ಕೆ, ಕ್ಲ್ಯಾಂಪಿಗಲ್ಲ, ಎಷ್ಟೋ ಸಲ ತೊಂದರೆ ಇರುವುದೇ ಕಂಬ ಮತ್ತು ಕ್ಲ್ಯಾಂಪಿನ ನಡುವೆ. ಸರಿಯಾದ ಅರ್ಥಿಂಗ್ ಇದ್ದರೆ ಮೀಟರು 0.1 ವೋಲ್ಟಿನ ಆಸುಪಾಸು ತೋರಿಸಬೇಕು. 0.3 ದಾಟಿದರೆ ನಾನು ಹುಡುಕಲು ಶುರು ಮಾಡುತ್ತೇನೆ. 1 ವೋಲ್ಟು ಬಂದರೆ ಹುಡುಕುವುದೂ ಬೇಡ, ಬೋಲ್ಟು ಬಿಚ್ಚಿದರೆ ಅಡಿಯಲ್ಲಿ ಬಣ್ಣ ಕಾಣುತ್ತದೆ. ಇವು ನನ್ನ ಕೆಲಸದ ಅನುಭವದ ಅಂಕಿಗಳು. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ದೀಪ ಆರಿಸಿ ಅಳೆದರೆ ಸೊನ್ನೆ ಬರುತ್ತದೆ, ಆ ಸೊನ್ನೆಗೆ ಯಾವ ಬೆಲೆಯೂ ಇಲ್ಲ. ಬಲ್ಬ್ ತೆಗೆದು ಅಳೆದವರೂ ಇದ್ದಾರೆ.

ಈ ಕಾಯಿಲೆ ವೇಷ ಹಾಕಿಕೊಂಡು ಬರುತ್ತದೆ, ಅದೇ ಜನರನ್ನು ದಾರಿ ತಪ್ಪಿಸುವುದು. ಒಬ್ಬರು ನಿವೃತ್ತ ಮೇಷ್ಟ್ರು ಎಂಜಿಬಿ ಜಿಟಿ ತಂದರು. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರ ಜೊತೆ ಮಿಣುಕುತ್ತಿತ್ತು. ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಷರ್ ಬದಲಾಯಿಸಿದ್ದರು, ಸ್ಟೀರಿಂಗ್ ಪಕ್ಕದ ಸ್ವಿಚ್ಚನ್ನೂ ಬದಲಾಯಿಸಿದ್ದರು. ಆ ದೀಪದ ಗೂಡಿನಿಂದ ವಾಪಸು ದಾರಿ ಮುಚ್ಚಿಹೋಗಿತ್ತು. ಹೋಗಲು ಜಾಗವಿಲ್ಲದ ಕರೆಂಟು ಪಕ್ಕದ ಫಿಲಮೆಂಟಿನ ಮೂಲಕ ಹಿಮ್ಮುಖವಾಗಿ ಹರಿದು, ಕೆಂಪು ವೈರು ಹಿಡಿದು ಮಿಕ್ಕ ದೀಪಗಳ ಕಡೆಯಿಂದ ಮನೆ ಸೇರುತ್ತಿತ್ತು. ಮೇಷ್ಟ್ರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. ಬೆಳಗಿನಿಂದ ಹಾರ್ನೆಸ್ ತರಿಸುವ ಮಾತಾಡುತ್ತಿದ್ದವರು ತಾವೇ ಎಮರಿ ಕಾಗದ ಹಿಡಿದು ಬೂಟಿನೊಳಗೆ ಇಳಿದರು. ಇಂಥವರ ಜೊತೆ ಕೆಲಸ ಮಾಡುವುದೇ ನನಗೆ ಈ ವೃತ್ತಿಯಲ್ಲಿ ಸಿಕ್ಕ ಭಾಗ್ಯ.

ಇನ್ನೊಬ್ಬರ ಕಾರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರುತ್ತಿತ್ತು. ರೇಡಿಯೇಟರ್ ಬಿಚ್ಚಿ ತೊಳೆಸಿದರು, ಥರ್ಮೋಸ್ಟಾಟ್ ಹಾಕಿಸಿದರು, ವಾಟರ್ ಪಂಪ್ ತರಿಸಿದರು. ನಾನು ಕೇಳಿದ್ದು ಪೆಟ್ರೋಲ್ ಮುಳ್ಳು ಎಲ್ಲಿದೆ ಅಂತ. ಅದೂ 'ಫುಲ್' ದಾಟಿ ನಿಂತಿತ್ತು, ಟ್ಯಾಂಕಿನಲ್ಲಿ ಅರ್ಧವೂ ಇರಲಿಲ್ಲ. ಅರವತ್ತರ ದಶಕದ ಎಷ್ಟೋ ಕಾರುಗಳಲ್ಲಿ ಈ ಎರಡು ಮೀಟರುಗಳಿಗೂ ಒಂದೇ ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಸರಾಸರಿ 10 ವೋಲ್ಟು ಕೊಡುವುದು ಅದರ ಕೆಲಸ. ಡ್ಯಾಶ್‌ಬೋರ್ಡಿಗೆ ಹೊಸ ಬಣ್ಣ ಹೊಡೆದಾಗ ಅದರ ಅರ್ಥಿಂಗ್ ಹೋದರೆ ಅದು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಹಾಗೇ ಬಿಟ್ಟುಬಿಡುತ್ತದೆ, ಎರಡೂ ಮುಳ್ಳು ಒಟ್ಟಿಗೆ ಏರುತ್ತವೆ. ಒಂದೇ ಏರಿದರೆ ಬೇರೆ ವಿಚಾರ, ಎಂಜಿನ್ ನಿಜಕ್ಕೂ ಕಾಯುತ್ತಿರಬಹುದು, ಉದಾಸೀನ ಮಾಡಬೇಡಿ.

ಅಪಾಯದ ವೇಷವೂ ಒಂದಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಒಂದಿರುತ್ತದೆ, ಅದೊಂದೇ ಸ್ಟಾರ್ಟರಿನ ವಾಪಸು ದಾರಿ. ಎಂಜಿನ್ ಇಳಿಸಿ ಹತ್ತಿಸುವಾಗ ಅದನ್ನು ಮರೆತರೆ 200 ಆಂಪಿಯರ್ ಸುಮ್ಮನಿರುವುದಿಲ್ಲ, ಸಿಕ್ಕ ಲೋಹ ಹಿಡಿಯುತ್ತದೆ: ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಕೀ ತಿರುಗಿಸಿದ ಕೂಡಲೇ ಚೋಕ್ ಹಿಡಿಯ ಹತ್ತಿರ ಹೊಗೆ ಬಂತು ಎಂದು ಗಾಬರಿಯಿಂದ ಫೋನ್ ಮಾಡಿದವರಿಗೆ ನಾನು ಮೊದಲು ಹೇಳುವುದು ಬ್ಯಾಟರಿ ಕಳಚಿ ಅಂತ. ಆ ಕೇಬಲ್ ಹೋಗಿ ಮುಟ್ಟುವುದು ಕಾರ್ಬುರೇಟರಿಗೆ, ಅಲ್ಲಿರುವುದು ಪೆಟ್ರೋಲು.

ಕಾರ್ಬುರೇಟರ್ ಎಂದಾಗ ನೆನಪಾಯಿತು. ಜೋಡಿ ಎಸ್‌ಯು ಕಾರ್ಬುರೇಟರ್ ಇರುವ ಕಾರು ಆಕ್ಸಿಲರೇಟರ್ ಒತ್ತಿದಾಗ ಮಿಸ್ ಹೊಡೆದರೆ ಎಲ್ಲರ ಕೈ ಹೋಗುವುದು ಪೆಟ್ರೋಲ್-ಗಾಳಿಯ ಮಿಶ್ರಣ ಸರಿಮಾಡುವ ಮಿಕ್ಸ್ಚರ್ ನಟ್ಟಿಗೆ. ಸ್ವಲ್ಪ ತಾಳಿ. ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿ ಹಂಚುವ ಲೂಕಸ್ ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ (ಕರೆಂಟು ಕಡಿದು ಜೋಡಿಸುವ ಪುಟ್ಟ ಸ್ವಿಚ್ಚು) ಕೂತ ತಟ್ಟೆಯಿಂದ ಹೊರಗಿನ ಮೈಗೆ ಬೆರಳುದ್ದದ ಒಂದು ಅರ್ಥಿಂಗ್ ವೈರಿದೆ. ಕಿಡಿಯ ಸಮಯ ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಆ ತಟ್ಟೆಯನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ, ದಶಕಗಳ ನಂತರ ಒಳಗೇ ತುಂಡಾಗುತ್ತದೆ, ಹೊರಗಿನ ಬಟ್ಟೆ ಮಾತ್ರ ಹಾಗೇ ಇರುತ್ತದೆ. ನೋಡಬೇಕಾದ ಕ್ರಮ ಇದು: ವಾಲ್ವ್ ಕ್ಲಿಯರೆನ್ಸ್, ಆಮೇಲೆ ಪಾಯಿಂಟಿನ ಅಂತರ 0.35ರಿಂದ 0.40 ಮಿಲಿಮೀಟರ್, ಈ ವೈರು, ಟೈಮಿಂಗ್. ಇಷ್ಟಾದ ಮೇಲೂ ತೊಂದರೆ ಉಳಿದರೆ ಕಾರ್ಬುರೇಟರ್.

ರಿಪೇರಿ ಮಾಡುವುದು ಹೇಗೆ ಎಂದು ಕೇಳಿದರೆ ಹೇಳಲು ಹೆಚ್ಚೇನಿಲ್ಲ. ವೈರಿನ ಉಂಗುರದಷ್ಟೇ ಅಗಲಕ್ಕೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ನೀರು ಹೋಗದ ಹಾಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೊಸ ಬಣ್ಣ ಕೆರೆಯುವಾಗ ಹೊಟ್ಟೆ ಉರಿಯುತ್ತದೆ, ಅದು ನನಗೂ ಗೊತ್ತು. ಜಾಗ ಯಾರಿಗೂ ಕಾಣುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ, ಧೈರ್ಯವಾಗಿ ಕೆರೆಯಿರಿ. ಕೆಲಸಕ್ಕೆ ಮೊದಲು ಬ್ಯಾಟರಿ ಕಳಚುವುದು ಕಡ್ಡಾಯ. ಈ ಕಾರುಗಳಲ್ಲಿ ಕಂದು ವೈರಿಗೆ ಫ್ಯೂಸ್ ಇರುವುದಿಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಹೆಡ್‌ಲೈಟಿಗೂ ಇಲ್ಲ. ಮೊದಲು ಕಳಚುವುದು ಅರ್ಥಿಂಗ್ ಕಡೆಯನ್ನು. 1967ರವರೆಗಿನ ಎಂಜಿಬಿಯಲ್ಲಿ, ಆ ಕಾಲದ ಇನ್ನೂ ಹಲವು ಬ್ರಿಟಿಷ್ ಕಾರುಗಳಲ್ಲಿ, ಬಾಡಿಗೆ ಸೇರಿರುವುದು ಪಾಸಿಟಿವ್. ಅಲ್ಲಿ ಮೊದಲು ಕಳಚುವುದು ಪಾಸಿಟಿವ್ ಕಂಬ. ಹಿಂದಿನ ಮಾಲೀಕರು ಅದನ್ನು ಬದಲಾಯಿಸಿದ್ದರೂ ಇರಬಹುದು, ಆದ್ದರಿಂದ ಇಸವಿ ನಂಬಬೇಡಿ, ಕಣ್ಣಿಂದ ನೋಡಿ. ಎಂಜಿಬಿಯಲ್ಲಿ 1974ರವರೆಗೆ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು, ಅವುಗಳ ನಡುವಿನ ಕೊಂಡಿಯನ್ನೂ ಅಳೆಯಿರಿ.

ಈ ಮಾತು ಎಲ್ಲಾ ಕಾರಿಗೂ ಒಂದೇ ಥರ ಹೊಂದುವುದಿಲ್ಲ. ಲೋಟಸ್ ಎಲಾನ್ ಬಾಡಿ ಫೈಬರ್‌ಗ್ಲಾಸ್, ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ. ಅಲ್ಲಿ ಪ್ರತಿ ದೀಪಕ್ಕೂ ವಾಪಸು ವೈರಿದೆ, ಕಪ್ಪು ವೈರುಗಳನ್ನು ಒಂದೊಂದಾಗಿ ಹಿಡಿದು ಹೋಗಬೇಕು. ಜಾಗ್ವಾರ್ ಇ-ಟೈಪಿನಲ್ಲಿ ಹೆಡ್‌ಲೈಟು ಇರುವುದು ಎತ್ತುವ ಬಾನೆಟ್ಟಿನೊಳಗೆ, ಅದರ ವೈರುಗಳು ಹಾದುಹೋಗುವುದು ಒಂದು ಪ್ಲಗ್ಗಿನ ಮೂಲಕ. ಆ ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ ಬಾಡಿ ಕೆರೆದು ಪ್ರಯೋಜನವಿಲ್ಲ.

ಕಡೆಯದಾಗಿ ಹೆಡ್‌ಲೈಟಿಗೆ ರಿಲೇ ಹಾಕಿಸಲಾ, ಎಲ್‌ಇಡಿ ಹಾಕಿಸಲಾ ಎಂದು ಕೇಳುವವರಿಗೆ. ರಿಲೇ, ಅಂದರೆ ದೀಪದ ಕರೆಂಟನ್ನು ತಾನೇ ಹೊರುವ ಇನ್ನೊಂದು ಸ್ವಿಚ್ಚು, ಒಳ್ಳೆಯದು, ಹಳೆಯ ಸ್ವಿಚ್ಚಿನ ಮೇಲಿನ ಭಾರ ಇಳಿಯುತ್ತದೆ. ಎಲ್‌ಇಡಿ ವಿಷಯದಲ್ಲಿ ನಿಮ್ಮಲ್ಲಿನ ಕಾನೂನು ನೋಡಿಕೊಳ್ಳಿ. ಪಾಸಿಟಿವ್ ಅರ್ಥಿಂಗ್ ಕಾರಾದರೆ ಅದಕ್ಕೆ ಹೊಂದುವ ಎಲ್‌ಇಡಿಯೇ ಬೇಕು, ಹಳೆಯ ಫ್ಲ್ಯಾಷರ್ ಎಲ್‌ಇಡಿಯ ಅಲ್ಪ ಕರೆಂಟಿಗೆ ಮಿಣುಕುವುದಿಲ್ಲ. ಎರಡರಲ್ಲಿ ಯಾವುದನ್ನು ತರುವುದಕ್ಕೂ ಮೊದಲು ನಾಲ್ಕೂ ಮೂಲೆಯ ದೀಪ ಹಾಕಿ ಅರ್ಥಿಂಗ್ ಅಳೆದು, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಆ ಚೀಟಿ ತಂದವರ ಕಾರನ್ನು ನಾನು ಅದೇ ದಿನ ನೋಡುತ್ತೇನೆ.